ಕಾಚಬಿಂದು: ಕಾರಣದ ಶೋಧ ಮತ್ತು ನಮ್ಮ ಕರ್ತವ್ಯ

ನಿಪ್ಪಾಣಿಯ ಸುತ್ತಮುತ್ತಲ ಹಳ್ಳಿಗಳಲ್ಲಿ ವಯಸ್ಸಾದವರ ಕಣ್ಣು ಮಂಜಾದರೆ ಜನರು ಅದಕ್ಕೆ ಕೊಡುವ ಹೆಸರು ಸಾಮಾನ್ಯವಾಗಿ ಒಂದೇ: ಮೋತಿಬಿಂದು. ಅದು ಹಣ್ಣಾಗಲಿ, ಸುಗ್ಗಿ ಮುಗಿಯಲಿ, ಆಮೇಲೆ ತೆಗೆಸೋಣ ಎಂದು ಕಾಯುವುದು ವಾಡಿಕೆ. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು (1916–2005) ಊರೂರು ತಿರುಗಿ, ಶಿಬಿರಗಳಲ್ಲಿ ಪೊರೆ ತೆಗೆದು ಲಕ್ಷಾಂತರ ಜನರಿಗೆ ಬೆಳಕು ತೋರಿಸಿದರು. ಅವರ ಕಾರ್ಯದಿಂದಾಗಿ, ಹೋದ ಕಣ್ಣು ಮರಳಿ ಬರುತ್ತದೆಂಬ ಭರವಸೆ ನಮ್ಮ ಭಾಗದಲ್ಲಿ ಆಳವಾಗಿ ಬೇರೂರಿದೆ. ಪೊರೆಯ ಮಟ್ಟಿಗೆ ಆ ಭರವಸೆ ಸರಿಯಾದುದೇ. ಆದರೆ ಕಾಚಬಿಂದು ಅಥವಾ ಗ್ಲಾಕೋಮಾ ಎಂಬ ಬೇರೊಂದು ರೋಗದಲ್ಲಿ, ಕಾದವನು ಕಳೆದುಕೊಂಡ ದೃಷ್ಟಿಯನ್ನು ಯಾವ ಶಸ್ತ್ರಚಿಕಿತ್ಸೆಯೂ ಮರಳಿ ಕೊಡಲಾರದು.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನೆಂದು ವಾಚಕರು ಕೇಳಬಹುದು. ರೋಗದ ಬುಡದಲ್ಲಿರುವುದು ದ್ರವಗಳ ಒತ್ತಡದ ಪ್ರಶ್ನೆಯೇ ಆಗಿರುವುದರಿಂದ ಈ ಧೈರ್ಯ. ಕಣ್ಣಿನೊಳಗೆ ನಿಮಿಷಕ್ಕೆ ಸುಮಾರು 2.5 ಮೈಕ್ರೋಲೀಟರಿನಷ್ಟು, ಎಂದರೆ ಒಂದು ಘನ ಸೆಂಟಿಮೀಟರಿನ ಸಾವಿರದಲ್ಲಿ ಎರಡೂವರೆ ಭಾಗದಷ್ಟು, ತಿಳಿಯಾದ ರಸವು ಒಸರುತ್ತಿರುತ್ತದೆ. ಅದು ಪಾಪೆಯ ಮೂಲಕ ಮುಂದಕ್ಕೆ ಬಂದು, ಕಾರ್ನಿಯಾ ಮತ್ತು ಕಣ್ಣಾಲಿಯ ಪರದೆ ಕೂಡುವ ಕೋನದಲ್ಲಿರುವ ಸೂಕ್ಷ್ಮ ಜಾಲರಿಯ ಮೂಲಕ ರಕ್ತನಾಳಗಳನ್ನು ಸೇರುತ್ತದೆ. ಸ್ವಿಸ್ ನೇತ್ರವಿಜ್ಞಾನಿ ಗೋಲ್ಡ್‌ಮನ್ನರ ಸೂತ್ರ ಸರಳವಾದುದು: ಉತ್ಪತ್ತಿಯ ಪ್ರಮಾಣವನ್ನು ಜಾಲರಿಯು ಹರಿಯಗೊಡುವ ಶಕ್ತಿಯಿಂದ ಭಾಗಿಸಿ, ಹೊರಗಿನ ರಕ್ತನಾಳದ ಒತ್ತಡವನ್ನು ಕೂಡಿಸಿದರೆ ಕಣ್ಣಿನ ಒತ್ತಡ ದೊರೆಯುತ್ತದೆ. ಉದಾಹರಣೆಗೆ, 2.5ನ್ನು 0.25ರಿಂದ ಭಾಗಿಸಿ 8 ಕೂಡಿಸಿದರೆ ಪಾದರಸದ 18 ಮಿಲಿಮೀಟರು. ಇದು ಸಾಮಾನ್ಯವೆಂದು ಎಣಿಸುವ 10–21ರ ಒಳಗಿದೆ. ಜಾಲರಿಯ ಶಕ್ತಿ ಅರ್ಧಕ್ಕಿಳಿದರೆ ಒತ್ತಡವು 28ಕ್ಕೆ ಏರುತ್ತದೆ. ಬಚ್ಚಲಿಗೆ ಬೀಳುವ ನೀರು ಅಷ್ಟೇ ಇದ್ದರೂ ಮೋರಿಯ ಜಾಲರಿ ಕಟ್ಟಿದರೆ ನೀರು ನಿಲ್ಲುವುದಿಲ್ಲವೇ? 'ತೆರೆದ ಕೋನದ' ಗ್ಲಾಕೋಮಾ ಎಂಬ ಹೆಸರಿನ ಅರ್ಥ ಇದೇ: ಮೋರಿಯ ಬಾಯಿ ತೆರೆದಿದೆ, ಜಾಲರಿ ಮಾತ್ರ ಬಿಗಿದಿದೆ. ನೋವಿಲ್ಲ, ಕೆಂಪಿಲ್ಲ. ದೃಷ್ಟಿನರದ ಸುಮಾರು ಹತ್ತು ಲಕ್ಷ ತಂತುಗಳು ಒಂದೊಂದಾಗಿ ಸಾಯುತ್ತ, ನೋಟವು ಅಂಚಿನಿಂದ ಕುಗ್ಗುತ್ತ ಬರುತ್ತದೆ. ಒತ್ತಡವು ಸಾಮಾನ್ಯವಾಗಿದ್ದರೂ ಕೆಲವರಲ್ಲಿ ನರ ಕೆಡುವುದುಂಟು. ಆದುದರಿಂದ ಒತ್ತಡವನ್ನು ಅಳೆದರಷ್ಟೇ ಸಾಲದು, ನರದ ತುದಿಯನ್ನೂ ನೋಟದ ಹರವನ್ನೂ ಪರೀಕ್ಷಿಸಬೇಕು.

ಜಾಲರಿ ಏಕೆ ಬಿಗಿಯುತ್ತದೆ? 1997ರಲ್ಲಿ ಅಮೆರಿಕೆಯ ಸಂಶೋಧಕರು ಒಂದನೆಯ ಕ್ರೋಮೋಸೋಮಿನಲ್ಲಿರುವ ಮಯೋಸಿಲಿನ್ ಎಂಬ ಜೀನಿನ ದೋಷವನ್ನು ಈ ರೋಗಕ್ಕೆ ಕಾರಣವೆಂದು ಗುರುತಿಸಿದರು. ಜೀನು ಕೆಟ್ಟಾಗ, ಅದು ಹೇಳಿದಂತೆ ತಯಾರಾಗುವ ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಜಾಲರಿಯ ಜೀವಕೋಶಗಳಲ್ಲೇ ಸಿಕ್ಕಿಕೊಂಡು ಅವುಗಳನ್ನು ಕೆಡಿಸುತ್ತದೆ. ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು, ಈ ದೋಷ ಫಲಿಸಬಲ್ಲುದು; ಇದಕ್ಕೆ ಸೋದರ ಸಂಬಂಧದ ಮದುವೆಯೇ ಬೇಕೆಂದಿಲ್ಲ. ಆದರೆ ಇಂಥ ದೋಷವುಳ್ಳವರು ರೋಗಿಗಳಲ್ಲಿ ನೂರಕ್ಕೆ ಎರಡರಿಂದ ನಾಲ್ವರು ಮಾತ್ರ. ಉಳಿದವರಲ್ಲಿ ಅಲ್ಪ ಪ್ರಭಾವದ ಅನೇಕ ಜೀನುಗಳು ಕೂಡಿ ಕೆಲಸ ಮಾಡುತ್ತವೆ. 2021ರ ಒಂದು ಬೃಹತ್ ಅಧ್ಯಯನವು ಅಂಥ 127 ಸ್ಥಾನಗಳನ್ನು ಗುರುತಿಸಿತು. ಆ ಅಧ್ಯಯನದಲ್ಲಿದ್ದವರು ಹೆಚ್ಚಿನಂಶ ಯುರೋಪಿನ ಮೂಲದವರು. ಯುರೋಪಿನಲ್ಲಿ ಕಾಣುವ ಮಯೋಸಿಲಿನ್ ದೋಷ ಒಂದು ಬಗೆಯದಾದರೆ ಭಾರತದಲ್ಲಿ ಕಂಡುದು ಇನ್ನೊಂದು ಬಗೆಯದು. ಆದುದರಿಂದ ನಮ್ಮ ಕುಟುಂಬಗಳ ರಕ್ತದಲ್ಲಿರುವ ಉತ್ತರವನ್ನು ನಾವೇ ಹುಡುಕಬೇಕು.

ಇಲ್ಲಿಂದ ನಮ್ಮ ಅಭಿಪ್ರಾಯ. ಜೀನಿನ ಪರೀಕ್ಷೆ ಬರುವವರೆಗೆ ಕೈಕಟ್ಟಿ ಕೂಡಬೇಕೆಂಬುದು ತಪ್ಪು. ಅನುವಂಶೀಯವೆಂದರೆ ಹಣೆಬರಹವೆಂದು ಕೈಚೆಲ್ಲುವುದು ಇನ್ನೂ ದೊಡ್ಡ ತಪ್ಪು. ಒಂದು ಜೀನನ್ನು ನೋಡಿ 'ದೋಷವಿಲ್ಲ' ಎಂದರೂ ಉಳಿದ ನೂರಾರು ಕಾರಣಗಳು ಇದ್ದೇ ಇರುತ್ತವೆ. ಅವೆಲ್ಲವುಗಳ ಮೊತ್ತವನ್ನು ತಿಳಿಸುವ ಅಗ್ಗದ ಸಾಧನವೊಂದು ಪ್ರತಿ ಮನೆಯಲ್ಲಿದೆ, ಅದೇ ವಂಶಾವಳಿ. ರೋಗಿಯ ಒಡಹುಟ್ಟಿದವರಿಗೂ ಮಕ್ಕಳಿಗೂ ಅಪಾಯವು ಇತರರಿಗಿಂತ ಹಲವು ಪಟ್ಟು ಹೆಚ್ಚು. ದಕ್ಷಿಣ ಭಾರತದ ಸಮೀಕ್ಷೆಗಳಲ್ಲಿ ಈ ರೋಗವಿದ್ದ ಹತ್ತು ಜನರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿಗೆ ತಮಗೆ ರೋಗವಿರುವುದೇ ತಿಳಿದಿರಲಿಲ್ಲ. ಮೊದಲೇ ತಿಳಿದರೆ ಫಲವುಂಟೇ? ಉಂಟು. ಒತ್ತಡ ಹೆಚ್ಚಿದ್ದರೂ ನರ ಕೆಡದಿದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಮೆರಿಕೆಯ ಪ್ರಯೋಗದಲ್ಲಿ, ಔಷಧವಿಲ್ಲದವರ ಪೈಕಿ ಐದು ವರ್ಷಗಳಲ್ಲಿ ನೂರಕ್ಕೆ 9.5 ಮಂದಿ ರೋಗಕ್ಕೆ ತುತ್ತಾದರು. ಹನಿ ಹಾಕಿಕೊಂಡವರಲ್ಲಿ 4.4 ಮಂದಿ.

ಆದುದರಿಂದ ಕಣ್ಣಿನ ಶಿಬಿರಗಳಲ್ಲಿ ರೋಗಿಯ ಹೆಸರಿನ ಕೆಳಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಇವರ ಹೆಸರಿಗೂ ಒಂದು ಕಲಮು ಇರಬೇಕು. ನಮ್ಮದು ಗಡಿನಾಡು, ಒಬ್ಬ ತಂಗಿ ಅಥಣಿಯಲ್ಲಿದ್ದರೆ ಇನ್ನೊಬ್ಬಳನ್ನು ಕೊಲ್ಲಾಪುರದ ಕಡೆಗೆ ಕೊಟ್ಟಿರುತ್ತದೆ. ಸರ್ಕಾರದ ದಾಖಲೆ ಗಡಿಯಲ್ಲಿ ನಿಲ್ಲಬಹುದು, ಜೀನು ನಿಲ್ಲುವುದಿಲ್ಲ. ಆ ತಂಗಿಗೆ ಸುದ್ದಿ ಮುಟ್ಟಿಸುವ ಹೊಣೆ ರೋಗಿಯದೂ ಮನೆಯವರದೂ ಆಗಿದೆ. ಇನ್ನೊಂದು ಮಾತು. ತಂಬಾಕಿನ ಧೂಳಿನಲ್ಲಿ ದುಡಿಯುವವರು ಕಣ್ಣುರಿಗೆಂದು ಸ್ಟೀರಾಯ್ಡ್ ಬೆರೆತ ಹನಿಗಳನ್ನು ತಾವೇ ಕೊಂಡು ತಿಂಗಳುಗಟ್ಟಲೆ ಹಾಕಿಕೊಳ್ಳಬಾರದು. ಅವು ಅದೇ ಜಾಲರಿಯನ್ನು ಬಿಗಿಗೊಳಿಸಬಲ್ಲವು.

ಸಂಶೋಧನಾಲಯಗಳು ಜೀನುಗಳನ್ನು ಹುಡುಕುತ್ತಿರಲಿ. ಅವುಗಳ ಶೋಧಕ್ಕೆ ನಮ್ಮ ಕುಟುಂಬಗಳೂ ಮುಂದೆ ಬಂದು ನೆರವಾಗಲಿ. ಅಷ್ಟರಲ್ಲಿ ನಲವತ್ತು ದಾಟಿದ ಪ್ರತಿಯೊಬ್ಬರೂ ತಮ್ಮ ಮನೆತನದಲ್ಲಿ ಕಣ್ಣು ಕಳೆದುಕೊಂಡವರು ಯಾರು, ಅದು ಮೋತಿಬಿಂದುವೋ ಕಾಚಬಿಂದುವೋ ಎಂದು ಹಿರಿಯರನ್ನು ಕೇಳಿ ತಿಳಿಯಲಿ. ಉತ್ತರ ಸಂದೇಹಾಸ್ಪದವಾದರೆ ಸುಗ್ಗಿಯವರೆಗೆ ಕಾಯದೆ ನೇತ್ರವೈದ್ಯರಲ್ಲಿಗೆ ಹೋಗಲಿ.