ಪರರ ಕೋಟೆಯಲ್ಲಿ ನಮ್ಮ ಡೇರೆ



ಪರದೇಶದಲ್ಲಿ ನೆಲೆಸಿರುವ ನಿಮ್ಮಲ್ಲಿ ಹಲವರು ರಜೆ ಬಂತೆಂದರೆ ಮೋಟರ್‌ಹೋಮ್ ಬಾಡಿಗೆಗೆ ಹಿಡಿದು ಕೋಟೆ ಕೊತ್ತಲಗಳನ್ನು ನೋಡಲು ಹೊರಡುತ್ತೀರಿ, ಛಾಯಾಚಿತ್ರಗಳನ್ನು ಕಳುಹಿಸುತ್ತೀರಿ. ಸಂತೋಷ. ಆದರೆ ನೋಡುವುದು ಬೇರೆ, ನೋಡಿದ್ದನ್ನು ಸರಿಯಾದ ಹೆಸರಿನಿಂದ ಕರೆಯುವುದು ಬೇರೆ. ಎರಡನೆಯ ಕೆಲಸ ನಮ್ಮಿಂದ ಆಗುತ್ತಿಲ್ಲವೆಂಬುದೇ ನನ್ನ ತಕರಾರು.

ಕಳೆದ ಬೇಸಿಗೆಯಲ್ಲಿ ಮಗಳು, ಅಳಿಯ ನನ್ನನ್ನು ಅಂಥದೇ ವಾಹನದಲ್ಲಿ ವೇಲ್ಸ್‌ನ ವೆಲ್ಷ್‌ಪೂಲ್‌ಗೆ ಕರೆದೊಯ್ದರು. ಇಂಗ್ಲೆಂಡಿನ ಗಡಿಯ ಸಮೀಪದ, ಕುರಿಸಂತೆಗೆ ಹೆಸರಾದ ಪುಟ್ಟ ಪಟ್ಟಣವದು. ಒಲೆ, ಹಾಸಿಗೆ, ನೀರಿನ ತೊಟ್ಟಿಗಳನ್ನೆಲ್ಲ ಹೊತ್ತು ಚಲಿಸುವ ಆ ಮನೆಯನ್ನು ಊರಿನಲ್ಲಿ ನಿಲ್ಲಿಸಿ, ಸುಮಾರು ಒಂದು ಮೈಲಿ ದೂರದ ಪೋವಿಸ್ ಕೋಟೆಗೆ ನಡೆದೇ ಹೋದೆವು. 13ನೆಯ ಶತಮಾನದಲ್ಲಿ ಅಲ್ಲಿನ ವೆಲ್ಷ್ ಅರಸರು ಕಟ್ಟಿದ ಕೆಂಪುಕಲ್ಲಿನ ಕೋಟೆ. 1587ರಲ್ಲಿ ಅದನ್ನು ಹರ್ಬರ್ಟ್ ಮನೆತನ ಕೊಂಡಿತು. 1952ರಿಂದ ನ್ಯಾಷನಲ್ ಟ್ರಸ್ಟ್‌ನ ವಶದಲ್ಲಿದೆ. ಹಂತಹಂತವಾಗಿ ಇಳಿಯುವ ಅದರ ತೋಟದ ಚೆಲುವನ್ನು ಅಲ್ಲಗಳೆಯುವಷ್ಟು ಅರಸಿಕ ನಾನಲ್ಲ.

ಆದರೆ ಆ ಕೋಟೆಯ ಸೊತ್ತಿನಲ್ಲಿ ಇನ್ನೊಂದು ಚಲಿಸುವ ಮನೆಯೂ ಸೇರಿದೆ. ಅದು ಟಿಪ್ಪು ಸುಲ್ತಾನನ ಡೇರೆ. ಹೂಬಳ್ಳಿಯ ಚಿತ್ತಾರವುಳ್ಳ ಹತ್ತಿಬಟ್ಟೆಯದು. ಜೊತೆಗೆ ಅವನ ಸಿಂಹಾಸನವನ್ನು ಅಲಂಕರಿಸಿದ್ದ ರತ್ನಖಚಿತ ಚಿನ್ನದ ಹುಲಿಮುಖಗಳಲ್ಲೊಂದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಸೈನಿಕರು ಊರನ್ನು ಸೂರೆಗೈದರು. ಖಜಾನೆಯನ್ನು ಸೈನ್ಯ ಹಂಚಿಕೊಂಡಿತು. ಸಿಂಹಾಸನವನ್ನು ಒಡೆದು ತುಂಡು ಮಾಡಿದರು. ಆಗ ಮದರಾಸಿನ ಗವರ್ನರನಾಗಿದ್ದವನು ಪ್ಲಾಸಿಯ ಕ್ಲೈವನ ಮಗ ಎಡ್ವರ್ಡ್ ಕ್ಲೈವ್. ಅವನ ಪತ್ನಿ ಹೆನ್ರಿಯೆಟ್ಟಾ ಪೋವಿಸ್‌ನ ಹರ್ಬರ್ಟ್ ಮನೆತನದ ಮಗಳು. 1800ರಲ್ಲಿ ಆಕೆ ಹೆಣ್ಣುಮಕ್ಕಳೊಡನೆ ಡೇರೆ, ಆನೆಗಳ ಪರಿವಾರ ಕಟ್ಟಿಕೊಂಡು ಮೈಸೂರು ಸೀಮೆಯನ್ನು ಸುತ್ತಿ, ಬಿದ್ದ ಶ್ರೀರಂಗಪಟ್ಟಣವನ್ನೂ ನೋಡಿ ಹೋದಳು. ಆಕೆಯೂ ಪ್ರವಾಸಿ, ನಾವೂ ಪ್ರವಾಸಿಗರು. ಆಕೆಯ ಮನೆಗೆ ಸಿಂಹಾಸನದ ಹುಲಿಮುಖ ಸೇರಿತು. ನಾವು ತಂದದ್ದು ಛಾಯಾಚಿತ್ರ ಮಾತ್ರ.

ಇದನ್ನು 'ಸಂಗ್ರಹ' ಎನ್ನುವುದು ಭಾಷೆಗೇ ಎಸಗುವ ಅಪಚಾರ. ಅಂಚೆಚೀಟಿ ಕೂಡಿಸುವುದು ಸಂಗ್ರಹ. ಸೋತವನ ಸಿಂಹಾಸನ ಒಡೆದು ಹಂಚಿಕೊಳ್ಳುವುದು ಲೂಟಿ. ಇಂಗ್ಲಿಷಿನ 'ಲೂಟ್' ಎಂಬ ಶಬ್ದವೂ ನಮ್ಮ ದೇಶದಿಂದಲೇ ಹೋದದ್ದು! ನ್ಯಾಷನಲ್ ಟ್ರಸ್ಟ್ 2020ರಲ್ಲಿ ತನ್ನ ಆಸ್ತಿಗಳಿಗೂ ವಸಾಹತುಶಾಹಿಗೂ ಇರುವ ನಂಟಿನ ಬಗ್ಗೆ ವರದಿ ಪ್ರಕಟಿಸಿತು, ಮೆಚ್ಚತಕ್ಕದ್ದು. ಆದರೆ 2021ರಲ್ಲಿ ಅದೇ ಸಿಂಹಾಸನದ ಮತ್ತೊಂದು ಹುಲಿಮುಖ ದೇಶದಾಚೆ ಹೋಗದಂತೆ ಬ್ರಿಟನ್ ಸರ್ಕಾರ ತಾತ್ಕಾಲಿಕ ತಡೆಯೊಡ್ಡಿತು. ಅದರ ಬೆಲೆ 15 ಲಕ್ಷ ಪೌಂಡ್. ಕಾವೇರಿಯ ದಡದಿಂದ ಹೊತ್ತೊಯ್ದದ್ದು ಅವರ ರಾಷ್ಟ್ರೀಯ ಸಂಪತ್ತು. ನಮ್ಮದಾಗಿ ಉಳಿದದ್ದು ಒಡೆದ ಗೋಡೆ. ಇದೆಂಥ ನ್ಯಾಯ?

"ಮೇಷ್ಟ್ರೇ, ಟಿಪ್ಪು ಅಂಥವನು, ಇಂಥವನು" ಎಂದು ಕೆಲವರು ವಾದಿಸಬಹುದು. ಅವನ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ಚಿನ್ನ ಮೈಸೂರು ಸೀಮೆಯ ರೈತ ತೆತ್ತ ಕಂದಾಯದ್ದು. ರಾಜನನ್ನು ಒಪ್ಪದವನಿಗೂ ಅದರ ಮೇಲೆ ಹಕ್ಕುಂಟು. "ಅಲ್ಲಿದ್ದುದರಿಂದಲೇ ಉಳಿಯಿತು" ಎಂಬುದು ಇನ್ನೊಂದು ವಾದ. ಎರಡು ಶತಮಾನ ಆ ಬಟ್ಟೆಯನ್ನು ಕಾಪಾಡಿದವರ ಶ್ರದ್ಧೆಗೆ ನಮಸ್ಕಾರ. ಆದರೆ ಚೆನ್ನಾಗಿ ನೋಡಿಕೊಂಡ ಮಾತ್ರಕ್ಕೆ ಪರರ ಸೊತ್ತು ತನ್ನದಾಗದು.

ಹಾಗೆಂದು ನಾವು ನಿರ್ದೋಷಿಗಳೂ ಅಲ್ಲ. ಶ್ರೀರಂಗಪಟ್ಟಣದ ಕೋಟೆಗೋಡೆಯ ಮೇಲೆ ಹೆಸರು ಕೆತ್ತುವವರು, ಕಂದಕಕ್ಕೆ ಕಸ ಸುರಿಯುವವರು ನಮ್ಮವರೇ. ಇದ್ದದ್ದನ್ನು ಉಳಿಸಿಕೊಳ್ಳದವರು ಹೋದದ್ದನ್ನು ಕೇಳಿದರೆ ಯಾರು ಕಿವಿಗೊಟ್ಟಾರು? ಮರಳಿ ಕೇಳುವ ಹಕ್ಕಿನೊಂದಿಗೆ ಕಾಯುವ ಹೊಣೆಯೂ ಇದೆ.

ಆದ್ದರಿಂದ ಅಲ್ಲಿರುವ ನನ್ನ ಶಿಷ್ಯರಲ್ಲಿ ಒಂದು ಕೋರಿಕೆ. ಮುಂದಿನ ರಜೆಯಲ್ಲಿ ಆ ದಾರಿಯಾಗಿ ಹೋದರೆ ಪೋವಿಸ್‌ಗೆ ತಪ್ಪದೆ ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ. ಅಲ್ಲಿರುವವರನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಿ: "ಇದನ್ನು ಯಾವಾಗ ಹಿಂದಿರುಗಿಸುತ್ತೀರಿ?" ಅಭಿಪ್ರಾಯ ಬರೆಯುವ ಪುಸ್ತಕವಿದ್ದರೆ ಅದರಲ್ಲಿ ಕನ್ನಡದಲ್ಲಿಯೂ ಒಂದು ಸಾಲು ಬರೆಯಿರಿ. ಅಕ್ಷರ ದುಂಡಗಿರಲಿ.