ಬಿಟ್ಟು ಬಂದ ಚಾವಡಿಗೆ ಮತ್ತೆ ಹೋಗಬೇಕಂತೆ ಐರ್ಲೆಂಡ್!



ಜೀತ ಬಿಡಿಸಿಕೊಂಡು ಹೊರಬಂದವನನ್ನು ಎಪ್ಪತ್ತು ಎಂಬತ್ತು ವರ್ಷ ಕಳೆದ ಮೇಲೆ ಯಾರೋ ಕರೆಯುತ್ತಾರೆ. "ಬಾರಪ್ಪ, ಹಳೇ ಯಜಮಾನರ ಚಾವಡಿಯಲ್ಲಿ ಕೂತು ಒಂದು ಲೋಟ ಕಾಫಿ ಕುಡಿದು ಹೋಗು. ಈಗ ಅಲ್ಲಿ ಯಾರೂ ಯಾರ ಆಳೂ ಅಲ್ಲ!" ಅವನು ಹೋಗಬೇಕೋ ಬೇಡವೋ?

ಐರ್ಲೆಂಡ್ ದೇಶದ ಮುಂದೆ ಆಗಾಗ ಬಂದು ನಿಲ್ಲುವ ಪ್ರಶ್ನೆ ಇದು. 1949ರ ಏಪ್ರಿಲ್ 18ರಂದು ಆ ದೇಶ ಬ್ರಿಟಿಷರ ಕಾಮನ್‌ವೆಲ್ತ್ ಒಕ್ಕೂಟದಿಂದ ಎದ್ದು ಬಂತು. ಮತ್ತೆ ಸೇರಿಕೊಳ್ಳೋಣ ಎನ್ನುವವರು ಅಲ್ಲಿ ಇದ್ದಾರೆ. ಕೂಡದು ಎನ್ನುವವನು ನಾನು. ಏಕೆಂದು ಹೇಳುತ್ತೇನೆ, ಸಾವಧಾನವಾಗಿ ಓದಿ.

"ಐರ್ಲೆಂಡಿನ ಉಸಾಬರಿ ನಮಗೇಕೆ ಸ್ವಾಮಿ?" ಎನ್ನಬೇಡಿ. ನಮ್ಮ ಸಂವಿಧಾನದ ನಿರ್ದೇಶಕ ತತ್ವಗಳಿಗೆ ಐರ್ಲೆಂಡಿನ 1937ರ ಸಂವಿಧಾನವೇ ಮಾದರಿ. 1965ರಿಂದ 67ರವರೆಗೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿದ್ದು, ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿಯವರು ಕಾನೂನು ಓದಿದ್ದು ಡಬ್ಲಿನ್‌ನಲ್ಲಿ. 1920ರಲ್ಲಿ ಜಲಂಧರದ ದಂಡಿನಲ್ಲಿದ್ದ ಕನಾಟ್ ರೇಂಜರ್ಸ್ ಪಡೆಯ ಐರಿಷ್ ಸಿಪಾಯಿಗಳು, ತಮ್ಮ ಊರಿನಲ್ಲಿ ಬ್ರಿಟಿಷರು ನಡೆಸುತ್ತಿದ್ದ ದೌರ್ಜನ್ಯದ ಸುದ್ದಿ ಕೇಳಿ ಬಂದೂಕು ಕೆಳಗಿಟ್ಟರು. ಅದೇ ಪಡೆಯ ಜೇಮ್ಸ್ ಡೇಲಿ ಎಂಬ ಹುಡುಗನನ್ನು ಅದೇ ನವೆಂಬರಿನಲ್ಲಿ ಗುಂಡಿಟ್ಟು ಕೊಂದದ್ದು ನಮ್ಮ ಭಾರತದ ನೆಲದಲ್ಲೇ. ಇಷ್ಟು ನಂಟು ಸಾಲದೇ?

ನಾನು ಅಚ್ಚುಕೂಟ ನಡೆಸಿ ಹೊಟ್ಟೆ ಹೊರೆಯುವವನು. ಓದಿದ್ದು ಪಿಯುಸಿ. ಐರ್ಲೆಂಡಿನ ಚರಿತ್ರೆಯಲ್ಲಿ ನನಗೆ ಹೆಚ್ಚು ಆಪ್ತವಾದದ್ದು ಒಂದು ಹಾಳೆ. 1916ರ ಈಸ್ಟರ್ ದಂಗೆಯ ಹಿಂದಿನ ದಿನ, ಡಬ್ಲಿನ್‌ನ ಲಿಬರ್ಟಿ ಹಾಲ್ ಎಂಬ ಕಾರ್ಮಿಕರ ಕಟ್ಟಡದಲ್ಲಿ ಕದ್ದುಮುಚ್ಚಿ ಅಚ್ಚಾದ ಗಣರಾಜ್ಯದ ಘೋಷಣೆ. ಮುದ್ರಕ ಕ್ರಿಸ್ಟಫರ್ ಬ್ರೇಡಿ. ಮೊಳೆ ಜೋಡಿಸಿದವರು ಮೈಕೆಲ್ ಮಲಾಯ್ ಮತ್ತು ಲಿಯಮ್ ಓಬ್ರಿಯನ್. ಓಬೀರಾಯನ ಕಾಲದ ಯಂತ್ರ, ಎರವಲು ತಂದ ಮೊಳೆ, ಕಳಪೆ ಕಾಗದ. ಇಡೀ ಪುಟಕ್ಕೆ ಮೊಳೆ ಸಾಲಲಿಲ್ಲ. ಮೇಲಿನ ಭಾಗ ಜೋಡಿಸಿ ಅಚ್ಚು ಹಾಕಿದರು. ಮೊಳೆ ಬಿಚ್ಚಿ ಕೆಳಗಿನ ಭಾಗ ಜೋಡಿಸಿದರು. ಅದೇ ಹಾಳೆಗಳನ್ನು ಎರಡನೇ ಸಲ ಯಂತ್ರಕ್ಕೆ ಕೊಟ್ಟರು. 'ಇ' ಅಕ್ಷರ ಮುಗಿದಾಗ ಬೇರೆ ಅಚ್ಚಿನ 'ಇ' ತಂದು ತುರುಕಿದರು. ಅದೂ ಮುಗಿದಾಗ 'ಎಫ್' ಅಕ್ಷರದ ಕಾಲಿಗೆ ಅರಗು ಮೆತ್ತಿ 'ಇ' ಮಾಡಿಕೊಂಡರು! ನಮ್ಮಪ್ಪನ ಟ್ರೆಡಲ್ ಕಾಲದಲ್ಲಿ ಲಗ್ನಪತ್ರಿಕೆಗೆ 'ಶ್ರೀ' ಸಾಲದೆ ಪಕ್ಕದ ಪ್ರೆಸ್ಸಿಗೆ ಓಡಿದವರಿಗೆ ಈ ಪಾಡು ಅರ್ಥವಾಗುತ್ತದೆ. ಆ ಹಾಳೆಯ ಕೆಳಗೆ ಹೆಸರಿದ್ದವರು ಏಳು ಜನ. ಮೂರು ವಾರ ತುಂಬುವುದರೊಳಗೆ ಏಳೂ ಜನರನ್ನು ಬ್ರಿಟಿಷರು ಗುಂಡಿಟ್ಟು ಕೊಂದರು.

ಆ ಹಾಳೆಯಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

1921ರ ಡಿಸೆಂಬರಿನಲ್ಲಿ ಒಪ್ಪಂದವಾಯಿತು. ದ್ವೀಪದ 26 ಜಿಲ್ಲೆಗಳಿಗೆ ಅರೆ ಸ್ವಾತಂತ್ರ್ಯ. ಆರು ಜಿಲ್ಲೆ ಬ್ರಿಟನ್ನಿಗೆ. ಜೊತೆಗೆ ಶಾಸಕನಾದವನು ಇಂಗ್ಲೆಂಡಿನ ದೊರೆಗೆ ನಿಷ್ಠನಾಗಿರುತ್ತೇನೆಂದು ಪ್ರಮಾಣ ಮಾಡಬೇಕು! ಈ ಒಪ್ಪಂದಕ್ಕಾಗಿ, ಮುಖ್ಯವಾಗಿ ಆ ಪ್ರಮಾಣದ ನಾಲ್ಕು ಸಾಲಿಗಾಗಿ, ನಿನ್ನೆಯವರೆಗೆ ಒಂದೇ ತಟ್ಟೆಯಲ್ಲಿ ಉಂಡವರು ಪರಸ್ಪರ ಗುಂಡು ಹಾರಿಸಿಕೊಂಡರು. ಮೈಕೆಲ್ ಕಾಲಿನ್ಸ್ 1922ರ ಆಗಸ್ಟಿನಲ್ಲಿ ಸತ್ತದ್ದು ಬ್ರಿಟಿಷರ ಗುಂಡಿನಿಂದಲ್ಲ, ತನ್ನವರ ಗುಂಡಿನಿಂದ. ಹೊಸ ಸರ್ಕಾರವೇ ತನ್ನ ಎಪ್ಪತ್ತಕ್ಕೂ ಹೆಚ್ಚು ಜನ ಹಳೆಯ ಸಂಗಾತಿಗಳಿಗೆ ಮರಣದಂಡನೆ ಕೊಟ್ಟಿತು. ಡಿ ವೆಲೆರಾ 1932ರಲ್ಲಿ ಅಧಿಕಾರಕ್ಕೆ ಬಂದು ಮರುವರ್ಷ ಆ ಪ್ರಮಾಣವನ್ನು ಕಿತ್ತುಹಾಕಿದರು. ಕೊನೆಯ ಎಳೆ ಕಡಿದದ್ದು ಮಾತ್ರ ಅವರಲ್ಲ, ಅವರ ಎದುರಾಳಿ ಜಾನ್ ಕಾಸ್ಟೆಲೊ. ಒಪ್ಪಂದದ ಪರವಾಗಿದ್ದ ಪಕ್ಷದವರೇ 1948ರಲ್ಲಿ ಕಾನೂನು ತಂದು ದೇಶವನ್ನು ಪೂರ್ಣ ಗಣರಾಜ್ಯ ಮಾಡಿದರು. ಅದು ಜಾರಿಗೆ ಬಂದದ್ದು ಮರುವರ್ಷದ ಈಸ್ಟರ್ ಸೋಮವಾರ.

ಈಗ ನೋಡಿ ವಿಧಿಯಾಟ. ಐರ್ಲೆಂಡ್ ಹೊರಬಿದ್ದ ಹತ್ತೇ ದಿನಕ್ಕೆ, ಏಪ್ರಿಲ್ 28ರಂದು, ಲಂಡನ್ನಿನಲ್ಲಿ ನಿಯಮ ಬದಲಾಯಿತು. ನೆಹರೂ ಅವರ ಭಾರತ ಗಣರಾಜ್ಯವಾಗಿಯೂ ಒಳಗೇ ಇರಬಹುದು ಎಂದಾಯಿತು. ಸೇರೋಣ ಎನ್ನುವವರು ಇದನ್ನೇ ಎತ್ತಿ ಹಿಡಿಯುತ್ತಾರೆ. "ಇವತ್ತು 56 ಸದಸ್ಯರಲ್ಲಿ 36 ದೇಶ ಗಣರಾಜ್ಯಗಳೇ. ಭಾರತವೇ ಇದೆ. ಒಮ್ಮೆ ಬಿಟ್ಟುಹೋದ ದಕ್ಷಿಣ ಆಫ್ರಿಕಾ 1994ರಲ್ಲಿ ತಿರುಗಿ ಬಂತು. ಬ್ರಿಟಿಷರು ಆಳಿಯೇ ಇಲ್ಲದ ರುವಾಂಡ ಕೂಡ ಸೇರಿದೆ. ನಿಮಗೇನು ಬಿಗುಮಾನ?" ಎನ್ನುತ್ತಾರೆ.

ಸ್ವಾಮಿ, ಭಾರತ ಬೇರೆ, ಐರ್ಲೆಂಡ್ ಬೇರೆ. ನಾವು ಏಳು ಸಮುದ್ರದಾಚೆ ಇದ್ದೆವು. ಕೋಟಿ ಕೋಟಿ ಜನವಿದ್ದೆವು. ಯಾವ ಕೂಟದಲ್ಲಿ ಕೂತರೂ ನಮ್ಮನ್ನು ಯಾರೂ ನುಂಗಲಾರರು. ಐರ್ಲೆಂಡ್ ಬ್ರಿಟನ್ನಿನ ಪಕ್ಕದ ಮನೆ. ಅದರ ಆರು ಜಿಲ್ಲೆ ಇವತ್ತಿಗೂ ಆ ದೊರೆಯ ಕೆಳಗೇ ಇವೆ. ಮೂರನೇ ಚಾರ್ಲ್ಸ್ ನಮಗೆ ಟಿವಿಯಲ್ಲಿ ಕಾಣುವ ಒಬ್ಬ ಮುದುಕ. ಬೆಲ್‌ಫಾಸ್ಟಿನಲ್ಲಿ ಅವನು ಆಳುವ ದೊರೆ.

ಹೋಗಲಿ, ಲಾಭವಾದರೂ ಏನಿದೆ? 1949ರಲ್ಲಿ ಬ್ರಿಟಿಷ್ ಸಂಸತ್ತೇ ಕಾನೂನು ಮಾಡಿ, ಐರ್ಲೆಂಡ್ ಹೊರಬಿದ್ದರೂ ಅದನ್ನು ಪರದೇಶವೆಂದು ಎಣಿಸುವುದಿಲ್ಲ ಎಂದಿತು. ಸದಸ್ಯತ್ವ ಇಟ್ಟುಕೊಂಡ ಭಾರತದವನು ಲಂಡನ್ನಿಗೆ ಹೋಗಲು ವೀಸಾಕ್ಕೆ ಸಾಲು ನಿಲ್ಲುತ್ತಾನೆ. ಸದಸ್ಯತ್ವ ಒದ್ದು ಬಂದ ಐರ್ಲೆಂಡಿನವನು ಕೈಬೀಸಿಕೊಂಡು ಹೋಗುತ್ತಾನೆ, ಅಲ್ಲೇ ಕೆಲಸ ಮಾಡುತ್ತಾನೆ, ಓಟೂ ಹಾಕುತ್ತಾನೆ. ವ್ಯಾಪಾರಕ್ಕೆ 1973ರಿಂದ ಯೂರೋಪಿನ ಒಕ್ಕೂಟವಿದೆ. ಹಾಗಾದರೆ ಈ ಚಾವಡಿಯಲ್ಲಿ ಸಿಗುವುದು ಕಾಫಿ ಮಾತ್ರ!

ನಮ್ಮಂಥ ಭಾಷಾಭಿಮಾನಿಗಳು ಕಣ್ಣು ಬಿಟ್ಟು ನೋಡಬೇಕಾದ ಸಂಗತಿ ಇನ್ನೊಂದಿದೆ. 2007ರಲ್ಲಿ ಉಗಾಂಡದ ಕಂಪಾಲದಲ್ಲಿ ಸೇರಿದ ಕಾಮನ್‌ವೆಲ್ತ್ ನಾಯಕರು ಒಳಬರುವವರಿಗೆ ಷರತ್ತು ಬರೆದರು. ರಾಣಿಯನ್ನು ಒಕ್ಕೂಟದ ಮುಖ್ಯಸ್ಥೆಯೆಂದು ಒಪ್ಪಬೇಕು ಎಂಬುದು ಒಂದು. ರಾಣಿಯ ನಂತರ ಮಗನೇ ಎಂದು 2018ರಲ್ಲಿ ತೀರ್ಮಾನಿಸಿಯೂ ಬಿಟ್ಟರು. ಇನ್ನೊಂದು ಷರತ್ತು ಏನು ಗೊತ್ತೇ? ಸದಸ್ಯ ದೇಶಗಳ ನಡುವಿನ ವ್ಯವಹಾರಕ್ಕೆ ಇಂಗ್ಲಿಷನ್ನು ಒಪ್ಪಿಕೊಳ್ಳಬೇಕು!

ಯಾರಿಗೆ ಹಾಕುತ್ತಿದ್ದೀರಿ ಈ ಷರತ್ತು? ಸಂವಿಧಾನದ ಎಂಟನೇ ವಿಧಿಯಲ್ಲಿ ಐರಿಷ್ ಮೊದಲನೇ ಅಧಿಕೃತ ಭಾಷೆ, ಇಂಗ್ಲಿಷ್ ಎರಡನೆಯದು ಎಂದು ಬರೆದುಕೊಂಡ ದೇಶಕ್ಕೆ. ಶಾಲೆಯ ಮಗು ಐರಿಷ್ ಮಾತಾಡಿದ ಸಲಕ್ಕೊಂದು ಗೀರಿನಂತೆ ಕೊರಳಿನ ಕೋಲಿನಲ್ಲಿ ಕೊರೆದು, ಸಂಜೆ ಗೀರು ಎಣಿಸಿ ಹೊಡೆದ ದೇಶಕ್ಕೆ. 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತು, ಅಷ್ಟೇ ಜನ ಹಡಗು ಹತ್ತಿದಾಗ, ಹೆಚ್ಚು ಬರಿದಾದದ್ದು ಐರಿಷ್ ಮಾತಾಡುವ ಪಶ್ಚಿಮದ ಹಳ್ಳಿಗಳು. ಇವತ್ತು ಬ್ರಸೆಲ್ಸ್‌ನ ಯೂರೋಪ್ ಒಕ್ಕೂಟದಲ್ಲಿ ಐರಿಷ್ ಭಾಷೆಗೆ ಪೂರ್ಣ ಸ್ಥಾನವಿದೆ. 2007ರಲ್ಲಿ ಮಾನ್ಯತೆ ಸಿಕ್ಕಿತು, 2022ರ ಜನವರಿಯಿಂದ ಎಲ್ಲ ಕಾಗದಪತ್ರಕ್ಕೂ ಅನ್ವಯವಾಯಿತು. ಅಲ್ಲಿ ಕುರ್ಚಿ ಸಿಕ್ಕಿದ ಭಾಷೆಯನ್ನು ಲಂಡನ್ನಿನಲ್ಲಿ ಹೊಸ್ತಿಲಾಚೆ ನಿಲ್ಲಿಸಿ ಒಳಹೋಗಬೇಕೇ? 2011ರ ಮೇ ತಿಂಗಳಲ್ಲಿ ಎಲಿಜಬೆತ್ ರಾಣಿ ಡಬ್ಲಿನ್ ಕೋಟೆಯ ಔತಣದಲ್ಲಿ "ಅಧ್ಯಕ್ಷರೇ, ಮಿತ್ರರೇ" ಎಂದು ಐರಿಷ್‌ನಲ್ಲಿ ಭಾಷಣ ಶುರು ಮಾಡಿದಾಗ ಊರೆಲ್ಲ ಚಪ್ಪಾಳೆ. ನಾನೂ ಒಳ್ಳೆಯದೇ ಎನ್ನುತ್ತೇನೆ. ಆದರೆ ಐದು ಪದದ ಸೌಜನ್ಯಕ್ಕೆ ಮರುಳಾಗಿ ಭಾಷೆಯ ಹಕ್ಕು ಬಿಟ್ಟುಕೊಡುತ್ತಾರೆಯೇ?

ಈಗ ಆ ಹಾಳೆಯ ಉಳಿದ ಮಾತು. 1916ರ ಘೋಷಣೆಯ ತಲೆಬರಹದ ಮೊದಲ ಸಾಲು ಐರಿಷ್‌ನಲ್ಲಿದೆ. ಉಳಿದದ್ದೆಲ್ಲ ಇಂಗ್ಲಿಷ್! ಬರೆದವರಲ್ಲಿ ಪ್ರಮುಖನಾದ ಪ್ಯಾಟ್ರಿಕ್ ಪಿಯರ್ಸ್ ಐರಿಷ್ ಪತ್ರಿಕೆ ನಡೆಸಿದವನು, ಐರಿಷ್‌ಗಾಗಿ ಶಾಲೆ ಕಟ್ಟಿದವನು. ಅವನದು ಅನಿವಾರ್ಯ, ಓದುವವರಿಗೆ ತಲುಪಬೇಕಿತ್ತು. ಆದರೆ ನೂರು ವರ್ಷವಾದರೂ ಅಲ್ಲಿನ ರಾಜಕಾರಣಿಗಳು ಮೊದಲ ಸಾಲು ಐರಿಷ್, ಉಳಿದದ್ದು ಇಂಗ್ಲಿಷ್ ಎಂಬ ಚಾಳಿ ಬಿಟ್ಟಿಲ್ಲ. (ನಮ್ಮ ನವೆಂಬರ್ ಕನ್ನಡಿಗರ ನೆನಪಾಯಿತೇ?) 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಎಂದವರು 18 ಲಕ್ಷ 70 ಸಾವಿರ. ಶಾಲೆಯ ಹೊರಗೆ ದಿನಾ ಆಡುವವರು ಸುಮಾರು 72 ಸಾವಿರ! ಭಾಷಾ ಆಯುಕ್ತರಾಗಿದ್ದ ಶಾನ್ ಓ ಕುರಾಯಿನ್ ಅವರು ಸರ್ಕಾರದ ನಿರ್ಲಕ್ಷ್ಯಕ್ಕೆ ಬೇಸತ್ತು ಅವಧಿ ಮುಗಿಯುವ ಮುನ್ನವೇ 2014ರಲ್ಲಿ ಕುರ್ಚಿ ಬಿಟ್ಟು ನಡೆದರು. ಕಾಮನ್‌ವೆಲ್ತ್ ಬೇಡವೆಂದು ಇಂಗ್ಲಿಷಿನಲ್ಲಿ ಗುಡುಗುವ ವೀರರಿಗೂ ನನ್ನ ಪ್ರಶ್ನೆ ಇದೆ: ಮನೆಯಲ್ಲಿ ಮಕ್ಕಳ ಜೊತೆ ಯಾವ ಭಾಷೆ ಆಡುತ್ತೀರಿ?

ಸೇರೋಣ ಎನ್ನುವವರೆಲ್ಲ ದ್ರೋಹಿಗಳೆಂದು ನಾನು ಹೇಳುವುದಿಲ್ಲ. ಡಿ ವೆಲೆರಾ ಅವರ ಸ್ವಂತ ಮೊಮ್ಮಗ ಏಮನ್ ಓ ಕೀವ್ ಕೂಡ ಈ ಮಾತು ಆಡಿದ್ದಾರೆ. 2003ರ ಅಧಿಕೃತ ಭಾಷೆಗಳ ಕಾಯಿದೆ ಬಂದದ್ದು ಅವರು ಮಂತ್ರಿಯಾಗಿದ್ದಾಗ. ಅವರ ಐರಿಷ್ ಅಭಿಮಾನಕ್ಕೆ ಬೊಟ್ಟು ಮಾಡಲಾಗದು. ಅವರ ವಾದ ಇಷ್ಟು: ನಾಳೆ ದ್ವೀಪ ಒಂದಾಗಬೇಕಾದರೆ ಉತ್ತರದ ಆರು ಜಿಲ್ಲೆಯಲ್ಲಿ ತಾವು ಬ್ರಿಟಿಷರೇ ಎಂದುಕೊಂಡು ಬದುಕುವ ಲಕ್ಷಾಂತರ ಜನರಿಗೆ ಭರವಸೆ ಬೇಕು, ಕಾಮನ್‌ವೆಲ್ತ್ ಆ ಸೇತುವೆಯಾಗಲಿ.

ಇದು ತೂಕದ ಮಾತು, ತೇಲಿಸಿಬಿಡುವಂಥದ್ದಲ್ಲ. ಆದರೆ ಆ ಕಡೆಯವರು ಈ ಉಡುಗೊರೆ ಕೇಳಿದ್ದಾರೆಯೇ? ಅವರಿಗೆ ಬೇಕಾಗಿರುವುದು ಲಂಡನ್ನಿನ ಸಂಸತ್ತು, ಕೂಟದ ಸದಸ್ಯತ್ವವಲ್ಲ. ಬೆಲ್‌ಫಾಸ್ಟಿನ ಹೊಸ ನಿಲ್ದಾಣದ ಬೋರ್ಡಿನಲ್ಲಿ ಐರಿಷ್ ಅಕ್ಷರ ಬರೆಸಲು 2025ರಲ್ಲಿ ಸಚಿವೆ ಹೊರಟಾಗ ಎಷ್ಟು ಗದ್ದಲವಾಯಿತು! ವ್ಯಾಜ್ಯ ಕೋರ್ಟಿನ ಮೆಟ್ಟಿಲು ಹತ್ತಿತು. ಅಲ್ಲಿನ ನ್ಯಾಯಾಲಯದಲ್ಲಿ ಐರಿಷ್ ಕೂಡದೆಂಬ 1737ರ ಕಾನೂನನ್ನು ತೊಲಗಿಸುವ ಕಾಯಿದೆಗೆ 2022ರವರೆಗೆ ಕಾಯಬೇಕಾಯಿತು. ಒಂದು ಬೋರ್ಡಿಗೆ ಇಷ್ಟು ಸಿಟ್ಟಾಗುವವರು ದಕ್ಷಿಣದವರು ಕಾಮನ್‌ವೆಲ್ತ್ ಸೇರಿದರೆಂದು ಕರಗುತ್ತಾರೆಯೇ? ಹಾಗೆಂದು ಅಲ್ಲಿರುವವರೆಲ್ಲ ಅಂಥವರಲ್ಲ. ಪೂರ್ವ ಬೆಲ್‌ಫಾಸ್ಟಿನ ಪ್ರಾಟೆಸ್ಟೆಂಟರ ನಡುವೆಯೇ ಲಿಂಡಾ ಎರ್ವಿನ್ ಎಂಬ ಹೆಣ್ಣುಮಗಳು ಐರಿಷ್ ತರಗತಿ ನಡೆಸುತ್ತಿದ್ದಾರೆ. ಆ ತರಗತಿಗೆ ಬರುವವರನ್ನು ಕರೆತಂದದ್ದು ಯಾವ ದೊರೆಯೂ ಅಲ್ಲ, ಕೂಟವೂ ಅಲ್ಲ.

ಇನ್ನು ಭರವಸೆಯ ಮಾತು. 1998ರ ಏಪ್ರಿಲ್ 10ರ ಬೆಲ್‌ಫಾಸ್ಟ್ ಒಪ್ಪಂದದಲ್ಲೇ ಬರೆದಿದೆ: ಉತ್ತರದವರು ತಾವು ಐರಿಷ್ ಎನ್ನಬಹುದು, ಬ್ರಿಟಿಷ್ ಎನ್ನಬಹುದು, ಎರಡೂ ಎನ್ನಬಹುದು, ಎರಡೂ ಪೌರತ್ವ ಇಟ್ಟುಕೊಳ್ಳಬಹುದು. ನಾಳೆ ಜನಮತದಲ್ಲಿ ದ್ವೀಪ ಒಂದಾದರೂ ಆ ಹಕ್ಕು ಅಳಿಯುವುದಿಲ್ಲ. ಬೆಲ್‌ಫಾಸ್ಟಿನವನಿಗೆ ಬ್ರಿಟಿಷ್ ಪಾಸ್‌ಪೋರ್ಟ್ ಬೇಕಾದರೆ ಇರಲಿ, ಅದು ಅವನ ಇಷ್ಟ. ಅದಕ್ಕಾಗಿ ಡಬ್ಲಿನ್‌ನವನೂ ಯಾಕೆ ದೊರೆಯ ಚಾವಡಿಯಲ್ಲಿ ಹೆಸರು ಬರೆಸಬೇಕು?