ಆದವಾನಿಯ ಕನ್ನಡಿಗನಿಗೆ ಲಸಿಕೆಯ ಸಮಾಚಾರ ಯಾವ ಭಾಷೆಯಲ್ಲಿ?

ಕೋವಿಡ್ ಮಹಾಮಾರಿಯ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿತು. ಆ ವೇಳೆಗೆ ನಮ್ಮ ದೇಶದಲ್ಲಿ 220 ಕೋಟಿಗೂ ಮಿಕ್ಕಿ ಲಸಿಕೆಯ ಡೋಸುಗಳನ್ನು ನೀಡಲಾಗಿತ್ತು. ಇಷ್ಟು ದೊಡ್ಡ ಕಾರ್ಯವನ್ನು ನಡೆಸಿದವರಿಗೆ, ಅದರಲ್ಲೂ ಬಿಸಿಲು ಮಳೆಯೆನ್ನದೆ ಹಳ್ಳಿ ಹಳ್ಳಿ ಸುತ್ತಿದ ಆಶಾ ಕಾರ್ಯಕರ್ತೆಯರಿಗೂ ದಾದಿಯರಿಗೂ ಕೃತಜ್ಞತೆ ಸಲ್ಲಿಸುವುದು ನಾಗರಿಕರೆಲ್ಲರ ಕರ್ತವ್ಯ. ಅದನ್ನು ಸಲ್ಲಿಸಿಯೇ ಒಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಲಸಿಕೆಯೇನೋ ಊರೂರಿಗೆ ಬಂತು. ಲಸಿಕೆಯ ಕುರಿತಾದ ಸರಕಾರಿ ಸೂಚನೆ ಗಡಿನಾಡಿನ ಕನ್ನಡಿಗನಿಗೆ ಅವನ ಭಾಷೆಯಲ್ಲಿ ಬಂತೇ? ಮುಂದಿನ ರೋಗ ಬಾಗಿಲು ತಟ್ಟುವ ಮೊದಲೇ ಇದಕ್ಕೆ ಉತ್ತರ ಹುಡುಕಿಕೊಳ್ಳದಿದ್ದರೆ, ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತಾದೀತು.

ಕಾಸರಗೋಡಿನ ಓದುಗರಿಗೆ ಆದವಾನಿ ಸೀಮೆಯ ಪರಿಚಯ ಅಷ್ಟಾಗಿ ಇರಲಾರದು. ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕೂ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ, ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಾದವು. ಬಳ್ಳಾರಿ ತಾಲೂಕಿನ ವಿವಾದ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಯ ಬಳಿಕ ಮೈಸೂರಿನ ಪರವಾಗಿ ತೀರ್ಮಾನವಾಯಿತು. ಆದರೆ ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಯಲ್ಲೂ ರಾಯದುರ್ಗವು ಅನಂತಪುರ ಜಿಲ್ಲೆಯಲ್ಲೂ ಉಳಿದವು. ಹಾಗೆ ಉಳಿದ ಕನ್ನಡಿಗರೇ ನಾವು. ವಿಜಯದಾಸರು ಕೊನೆಯ ದಿನಗಳನ್ನು ಕಳೆದ ಚಿಪ್ಪಗಿರಿಯೂ ರಾಯರ ಬೃಂದಾವನವಿರುವ ಮಂತ್ರಾಲಯವೂ ಇದೇ ಪಶ್ಚಿಮ ಕರ್ನೂಲಿನಲ್ಲಿವೆ. ಹೊಳಗುಂದ, ಹಾಲಹರ್ವಿ, ಕೌತಾಳ, ಆಲೂರು ಮುಂತಾದ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಬಾಳುತ್ತಿವೆ. ಕನ್ನಡ ಮಾಧ್ಯಮದ ಶಾಲೆಗಳೂ ಇವೆ.

ಇಲ್ಲಿಯ ನೆಲ ಕಪ್ಪು, ಮಳೆ ಕಡಿಮೆ. ಹತ್ತಿ, ಶೇಂಗಾ ಕೈಕೊಟ್ಟ ವರ್ಷ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತದೆ. ಈ ವಲಸೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಲಸಿಕೆಯ ವಿಚಾರಕ್ಕೆ ಅದು ನೇರವಾಗಿ ಸಂಬಂಧಿಸಿದೆ.

ನಮ್ಮ ಕಡೆಯ ತೊಡಕು ಕಾಸರಗೋಡಿನ ತೊಡಕಿಗಿಂತ ಸ್ವಲ್ಪ ಭಿನ್ನ. ಮಲಯಾಳ ಲಿಪಿಯನ್ನು ಕಲಿಯದ ಕನ್ನಡಿಗನು ಮಲಯಾಳದ ಪ್ರಕಟಣೆಯ ಮುಂದೆ ನಿಂತರೆ ಅವನಿಗೆ ಅದು ಓದಲು ಬಾರದೆಂಬುದು ಎಲ್ಲರಿಗೂ ಗೊತ್ತಾಗುತ್ತದೆ. ತೆಲುಗು, ಕನ್ನಡ ಲಿಪಿಗಳಾದರೋ ಅಕ್ಕತಂಗಿಯರಿದ್ದಂತೆ. ಕನ್ನಡ ಬಲ್ಲವನು ತೆಲುಗು ಫಲಕವನ್ನು ತಡವರಿಸುತ್ತಲಾದರೂ ಓದಿಬಿಡುತ್ತಾನೆ. ಓದಿದನೆಂದ ಮೇಲೆ ಅರ್ಥವಾಯಿತೆಂದೇ ಅಧಿಕಾರಿಗಳ ಎಣಿಕೆ. ಅಕ್ಷರ ಕೂಡಿಸುವುದಕ್ಕೂ ಆಜ್ಞೆ ತಿಳಿಯುವುದಕ್ಕೂ ಇರುವ ಅಂತರವನ್ನು ಶಾಲಾ ಮಾಸ್ತರರಾದವರು ದಿನವೂ ಕಾಣುತ್ತಾರೆ.

ಕೆಲವು ಶಬ್ದಗಳನ್ನೇ ನೋಡೋಣ. ಲಸಿಕೆಗೆ ತೆಲುಗಿನಲ್ಲಿ ‘ಟೀಕಾ’ ಎನ್ನುತ್ತಾರೆ. ಕನ್ನಡದವನಿಗೆ ಟೀಕೆಯೆಂದರೆ ಆಕ್ಷೇಪ. ನಮ್ಮ ಹಳ್ಳಿಯ ಹಿರಿಯರು ಸಿಡುಬಿನ ಕಾಲದಿಂದಲೂ ‘ದಾಕು’ ಎಂದವರು, ಇಲ್ಲವೇ ‘ಸೂಜಿ’ ಎಂದವರು. ಎರಡು ಡೋಸುಗಳ ನಡುವಣ ಅಂತರಕ್ಕೆ ತೆಲುಗಿನಲ್ಲಿ ‘ವ್ಯವಧಿ’, ಹಂತಕ್ಕೆ ‘ವಿಡತ’. ಈ ಎರಡು ಶಬ್ದಗಳು ತಿಳಿಯದಿದ್ದರೆ ಲಸಿಕೆಯ ಪ್ರಕಟಣೆಯಲ್ಲಿ ತಿಳಿಯಬೇಕಾದದ್ದೇ ತಪ್ಪಿಹೋಗುತ್ತದೆ. ಕಾಸರಗೋಡಿನವರಿಗೆ ಇಂಥ ಪ್ರಸಂಗಗಳು ಹೊಸತಲ್ಲ. ಕನ್ನಡದಲ್ಲಿ ‘ಅವಧಿ’ಯೆಂದರೆ ಕಾಲಾವಕಾಶ, ಮಲಯಾಳದಲ್ಲಿ ರಜೆ. ಮಲಯಾಳದ ‘ಪನಿ’ ಜ್ವರವಾದರೆ ನಮ್ಮ ಹಳಗನ್ನಡದ ಪನಿ ನೀರಿನ ಹನಿ. ಮನೆಯಲ್ಲಿ ಇದು ನಗುವಿನ ವಿಷಯ. ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ನಗುವಂಥದ್ದಲ್ಲ.

ಏಕೆಂದರೆ ಆ ದಿನಗಳಲ್ಲಿ ನಿಯಮಗಳು ಒಂದೇ ಸಮನೆ ಬದಲಾಗುತ್ತಿದ್ದವು. 2021ರ ಜನವರಿ 16ರಂದು ಆರೋಗ್ಯ ಸಿಬ್ಬಂದಿಯಿಂದ ಲಸಿಕೆ ಆರಂಭವಾಯಿತು. ಮಾರ್ಚ್ 1ರಿಂದ 60 ದಾಟಿದವರಿಗೂ ಬೇರೆ ಕಾಯಿಲೆಗಳಿದ್ದ 45 ಮೀರಿದವರಿಗೂ, ಏಪ್ರಿಲ್ 1ರಿಂದ 45 ಮೀರಿದ ಎಲ್ಲರಿಗೂ, ಮೇ 1ರಿಂದ 18 ತುಂಬಿದವರಿಗೂ ವಿಸ್ತರಿಸಿತು. ಗರ್ಭಿಣಿಯರು ಹಾಕಿಸಿಕೊಳ್ಳಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿದ್ದು ಜುಲೈ 2ರಂದು. ಇದರ ನಡುವೆ ಕೋವಿಶೀಲ್ಡ್ ಲಸಿಕೆಯ ಎರಡು ಡೋಸುಗಳ ಅಂತರ ಮೊದಲು 4ರಿಂದ 6 ವಾರವಿದ್ದದ್ದು ಮಾರ್ಚ್ 22ರಂದು 4ರಿಂದ 8 ವಾರವಾಯಿತು; ಮೇ 13ರಂದು 12ರಿಂದ 16 ವಾರವೆಂದಾಯಿತು. ಕೋವ್ಯಾಕ್ಸಿನ್ ಪಡೆದವರಿಗೆ 4ರಿಂದ 6 ವಾರವೇ ಉಳಿಯಿತು. ಪತ್ರಿಕೆ ಓದುವವರಿಗೇ ಇದು ಗೊಂದಲ. ಮೊದಲ ಡೋಸು ಊರಲ್ಲಿ ಹಾಕಿಸಿಕೊಂಡು ದುಡಿಮೆಗಾಗಿ ಪರವೂರಿಗೆ ಹೋಗಬೇಕಾದ ಕೂಲಿಯವನು, ತನಗೆ ಬಂದದ್ದು ಯಾವ ಲಸಿಕೆ, ಎರಡನೆಯದಕ್ಕೆ ಯಾವಾಗ ಹಾಜರಾಗಬೇಕು ಎಂಬುದನ್ನು ಹೊರಡುವ ಮೊದಲೇ ಸರಿಯಾಗಿ ತಿಳಿದಿರಬೇಕಿತ್ತು. ಒಂದು ದಿನದ ಕೂಲಿ ಬಿಟ್ಟು ಬಂದು ಅವಧಿ ತುಂಬಿಲ್ಲವೆಂದು ಬರಿಗೈಯಲ್ಲಿ ಹಿಂದಿರುಗಿದವನು ಮತ್ತೊಮ್ಮೆ ಬರಲು ಮನಸ್ಸು ಮಾಡುವನೇ?

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಕೇಂದ್ರದ ಕೋವಿನ್ ವ್ಯವಸ್ಥೆ ಮೊದಲು ಇಂಗ್ಲಿಷಿನಲ್ಲಿತ್ತು; 2021ರ ಜೂನ್ ತಿಂಗಳಲ್ಲಿ ಅದು ಕನ್ನಡ, ತೆಲುಗು, ಮಲಯಾಳಗಳೂ ಸೇರಿ 12 ಭಾಷೆಗಳಲ್ಲಿ ದೊರೆಯಿತು. ದಿಲ್ಲಿಯಲ್ಲಿ ಕುಳಿತವರಿಗೆ ಕನ್ನಡ ಬೇಕೆಂದು ತೋರಿತು. ಆದರೆ ನಮ್ಮ ಊರಿನ ಮುದುಕಿ ಕೋವಿನ್ ನೋಡುವವಳಲ್ಲ. ಆಕೆ ನೋಡುವುದು ಗ್ರಾಮ ಸಚಿವಾಲಯದ ಗೋಡೆಯನ್ನು, ಕೇಳುವುದು ಆಟೋದ ಧ್ವನಿವರ್ಧಕವನ್ನು. ಸರಕಾರದ ಮಾತು ಜನರ ಕಿವಿಗೆ ಬೀಳುವುದು ಸ್ಥಳೀಯ ಆಡಳಿತದ ಬಾಯಿಂದ. ಆ ಆಡಳಿತದ ಕಾಗದಪತ್ರ ನಡೆಯುವುದು ತೆಲುಗಿನಲ್ಲಿ.

ಹಾಗಿದ್ದೂ ಕೆಲಸ ನಡೆಯಿತಲ್ಲ ಎಂದರೆ, ನಡೆಯಿತು, ನಿಜ. 2021ರ ಜೂನ್ 20ರ ಒಂದೇ ದಿನ ಆಂಧ್ರದಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಲಾಯಿತು. 2019ರಲ್ಲಿ ಆರಂಭವಾದ ಗ್ರಾಮ ಸ್ವಯಂಸೇವಕರ ವ್ಯವಸ್ಥೆಯಲ್ಲಿ ಸುಮಾರು 50 ಮನೆಗಳಿಗೊಬ್ಬರಂತೆ ಯುವಕ ಯುವತಿಯರಿದ್ದರು. ಜ್ವರದ ಸಮೀಕ್ಷೆಗೆ ಮನೆಮನೆಗೆ ಬಂದವರೂ ಅವರೇ. ಅದೇ ಊರಿನವರಾದ್ದರಿಂದ ಕನ್ನಡದ ಮನೆಯಲ್ಲಿ ಕನ್ನಡದಲ್ಲೇ ಮಾತಾಡುವುದು ಅವರಿಗೆ ಸಾಧ್ಯವಿತ್ತು. 2022ರ ಜನವರಿ 3ರಿಂದ 15ರಿಂದ 18 ವರ್ಷದೊಳಗಿನ ಮಕ್ಕಳ ಸರದಿ ಬಂದಾಗ, ತಾಯಿತಂದೆಯರ ಸಂದೇಹಗಳಿಗೆ ಕನ್ನಡದಲ್ಲಿ ಉತ್ತರಿಸುವ ಹೊಣೆ ನಮ್ಮಂಥ ಉಪಾಧ್ಯಾಯರ ಮೇಲೆ ಬಿತ್ತು. ಇದೆಲ್ಲ ವ್ಯಕ್ತಿಗಳ ಒಳ್ಳೆಯತನದಿಂದ ಆದದ್ದು, ನಿಯಮದಿಂದ ಆದದ್ದಲ್ಲ. ಆ ಸ್ವಯಂಸೇವಕರ ವ್ಯವಸ್ಥೆ 2024ರ ನಂತರ ಮುಂದುವರಿಯಲಿಲ್ಲ. ಇನ್ನೊಂದು ಪಿಡುಗು ಬಂದರೆ ಕನ್ನಡದ ಮನೆಯ ಬಾಗಿಲಲ್ಲಿ ನಿಂತು ಹೇಳುವವರು ಯಾರು?

ಬರಿಯ ಆಜ್ಞೆಯಿಂದ ಜನ ನಡೆಯುವುದಿಲ್ಲವೆಂಬುದಕ್ಕೂ ನಮ್ಮಲ್ಲೇ ನಿದರ್ಶನವಿದೆ. 2020ರ ದಸರೆಗೆ ಸೋಂಕಿನ ಕಾರಣ ನಿರ್ಬಂಧ ವಿಧಿಸಿದ್ದರೂ ಹೊಳಗುಂದ ಮಂಡಲದ ದೇವರಗಟ್ಟಿನ ಬನ್ನಿ ಉತ್ಸವಕ್ಕೆ ಜನ ಕೂಡಿಯೇ ಕೂಡಿದರು. ಅದಕ್ಕೆ ಭಾಷೆ ಕಾರಣವೆಂದು ಹೇಳುವುದು ಅತಿಯಾದೀತು. ಅಲ್ಲಿ ಭಕ್ತಿಯಿದೆ, ತಲೆತಲಾಂತರದ ಹಟವಿದೆ. ಆದರೆ ಅಂಥ ಹಟವನ್ನು ಕರಗಿಸಬೇಕಾದರೆ ಪೊಲೀಸರ ಲಾಠಿಗಿಂತ ಮನೆಮಾತಿನಲ್ಲಿ ಹೇಳಿದ ನಾಲ್ಕು ಮಾತು ಹೆಚ್ಚು ಕೆಲಸ ಮಾಡುತ್ತದೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ಹಕ್ಕಿನ ವಿಚಾರ. ನಾವು ಕೇಳುತ್ತಿರುವುದು ಭಿಕ್ಷೆಯಲ್ಲ. ರಾಜ್ಯಗಳ ಪುನರ್ವಿಂಗಡಣೆಯ ಸಂದರ್ಭದಲ್ಲಿ, 1956ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಜ್ಞಾಪನ ಪತ್ರ ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆಗಳನ್ನು ಸೂಚಿಸಿತು. ಒಂದು ಜಿಲ್ಲೆಯಲ್ಲಾಗಲಿ, ತಾಲೂಕು, ಪುರಸಭೆಗಳಂಥ ಚಿಕ್ಕ ಪ್ರದೇಶದಲ್ಲಾಗಲಿ ಅಲ್ಪಸಂಖ್ಯಾತ ಭಾಷಿಕರು ಶೇಕಡಾ 15ರಿಂದ 20ರಷ್ಟಿದ್ದರೆ, ಮುಖ್ಯವಾದ ಸರಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕೆಂಬುದು ಅದರ ಆಶಯ. ಪ್ರಾಣಕ್ಕೆ ಸಂಬಂಧಿಸಿದ ಪ್ರಕಟಣೆಗಿಂತ ಮುಖ್ಯವಾದದ್ದು ಯಾವುದು? ಆದರೆ ಇಲ್ಲೊಂದು ಸೂಕ್ಷ್ಮವಿದೆ. ಇಡೀ ಕರ್ನೂಲು ಜಿಲ್ಲೆಯ ಲೆಕ್ಕ ಹಿಡಿದರೆ ಕನ್ನಡಿಗ ಕಾಣದಾಗುತ್ತಾನೆ. ಆಂಧ್ರದಲ್ಲಿ 1985ರಲ್ಲಿ ತಾಲೂಕುಗಳು ಹೋಗಿ ಮಂಡಲಗಳು ಬಂದವು. ಗಡಿಯ ಮಂಡಲಗಳ ಲೆಕ್ಕವನ್ನು ಬಿಡಿಬಿಡಿಯಾಗಿ ಹಿಡಿದರೆ ಮಾತ್ರ ಕನ್ನಡಿಗನ ಮುಖ ಕಂಡೀತು. ಆದ್ದರಿಂದ ಮಂಡಲವನ್ನೇ ಘಟಕವಾಗಿ ಪರಿಗಣಿಸಬೇಕು.

ಈ ವಿಷಯದಲ್ಲಿ ಕಾಸರಗೋಡಿನವರ ಕೈಯಲ್ಲಿ ನಮಗಿಂತ ಗಟ್ಟಿಯಾದ ಆಧಾರವಿದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಅಲ್ಲಿಯ ತಮಿಳರೂ ಕನ್ನಡಿಗರೂ ಸರಕಾರದೊಡನೆಯೂ, ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿತವಾದೆಡೆ ಸ್ಥಳೀಯ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕಾನೂನಿದ್ದ ಮಾತ್ರಕ್ಕೆ ಕನ್ನಡದ ಪ್ರಕಟಣೆ ತಾನಾಗಿ ಗೋಡೆಗೇರುವುದಿಲ್ಲವೆಂಬುದನ್ನು ಕಾಸರಗೋಡಿನ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಕಾನೂನು ಒಂದು ಊರುಗೋಲು. ಆಂಧ್ರದಲ್ಲಿ 1966ರ ಕಾನೂನು ತೆಲುಗನ್ನು ರಾಜಭಾಷೆಯನ್ನಾಗಿಸಿತು. 2022ರಲ್ಲಿ ಉರ್ದು ಎರಡನೆಯ ರಾಜಭಾಷೆಯ ಸ್ಥಾನ ಪಡೆಯಿತು. ಅದಕ್ಕೆ ನಮ್ಮ ಸಂತೋಷವಿದೆ. ಗಡಿ ಮಂಡಲಗಳ ಕನ್ನಡಕ್ಕೂ ಒಂದಿಷ್ಟು ಜಾಗ ಮಾಡಿಕೊಡುವುದು ಅಸಾಧ್ಯವೇನಲ್ಲ ಎಂಬುದು ಇದರಿಂದ ಸ್ಪಷ್ಟ.

“ಆದವಾನಿಯ ಕನ್ನಡಿಗರಿಗೆಲ್ಲ ತೆಲುಗು ಬರುತ್ತದಲ್ಲ?” ಎಂಬ ಆಕ್ಷೇಪವನ್ನು ನಾವು ಮೇಲಿಂದ ಮೇಲೆ ಕೇಳಿದ್ದೇವೆ. ಬರುತ್ತದೆ. ಹತ್ತಿಯ ದರ ಕೇಳಲು, ಬಸ್ಸು ಹತ್ತಲು, ನೆರೆಯವನೊಡನೆ ಸುಖದುಃಖ ಹಂಚಿಕೊಳ್ಳಲು ಸಾಕಾಗುವಷ್ಟು ಬರುತ್ತದೆ. ತೆಲುಗಿನವರೊಡನೆ ನಮಗೆ ಜಗಳವಿಲ್ಲ. ಆದರೆ ಸೊಸೆ ಬಸುರಿ, ಲಸಿಕೆ ಹಾಕಿಸಬಹುದೇ? ನನಗೆ ರಕ್ತದೊತ್ತಡವಿದೆ, ಗುಳಿಗೆ ನಿಲ್ಲಿಸಬೇಕೇ? ಇಂಥ ಪ್ರಶ್ನೆಗಳು ಮನುಷ್ಯನಿಗೆ ಹುಟ್ಟುವುದೂ ಉತ್ತರ ಮನಸ್ಸಿಗೆ ನಾಟುವುದೂ ತಾಯ್ನುಡಿಯಲ್ಲಿ. ನಾವು ಕೇಳುವುದನ್ನು ಕೊಡಲೂ ಕನ್ನಡಿಗರು ಸಿದ್ಧರಿರಬೇಕೆಂಬುದನ್ನೂ ಹೇಳಬೇಕು. ಬಳ್ಳಾರಿಯ ಸೀಮೆಯಲ್ಲಿ ತೆಲುಗು ಮನೆಮಾತಾಗಿರುವ ಹಳ್ಳಿಗಳಿವೆ. ಅಲ್ಲಿ ಕರ್ನಾಟಕ ಸರಕಾರ ತೆಲುಗಿನಲ್ಲೂ ಆರೋಗ್ಯ ಸೂಚನೆ ಹೊರಡಿಸಿದರೆ ಕನ್ನಡಕ್ಕೆ ಕುಂದಿಲ್ಲ. ಇತ್ತ ನಮ್ಮ ಬೇಡಿಕೆಗೆ ಬಲವೇ ಬಂದೀತು.

ಹಾಗಾದರೆ ಆಗಬೇಕಾದದ್ದೇನು? ಖರ್ಚಿನ ಕೆಲಸ ಒಂದೂ ಇಲ್ಲ. ಗಡಿಯ ಮಂಡಲಗಳಲ್ಲಿ ಪ್ರತಿ ಆರೋಗ್ಯ ಪ್ರಕಟಣೆಯೂ ತೆಲುಗಿನ ಕೆಳಗೆ ಕನ್ನಡದಲ್ಲೂ ಇರಲಿ. ಸಂಚಾರಿ ವೈದ್ಯಕೀಯ ವಾಹನ ಬರುವ ದಿನ, ಮಕ್ಕಳ ಚುಚ್ಚುಮದ್ದಿನ ದಿನ, ಮಳೆಗಾಲದಲ್ಲಿ ಡೆಂಗೆ ಮತ್ತು ವಾಂತಿಭೇದಿಯ ಎಚ್ಚರಿಕೆ, ಇವಿಷ್ಟನ್ನು ಧ್ವನಿವರ್ಧಕದಲ್ಲಿ ಎರಡೂ ಭಾಷೆಗಳಲ್ಲಿ ಸಾರಲಿ. ಭಾಷಾಂತರಕ್ಕೆ ಜನರಿಲ್ಲವೆನ್ನುವಂತಿಲ್ಲ, ಕನ್ನಡ ಮಾಧ್ಯಮದ ಉಪಾಧ್ಯಾಯರು ಎರಡೂ ಭಾಷೆ ಬಲ್ಲವರು, ಕೇಳಿದರೆ ಸಂತೋಷದಿಂದ ಮಾಡಿಕೊಡುತ್ತಾರೆ. ವಲಸೆ ಹೋಗುವ ಕುಟುಂಬದ ಕೈಗೆ ಹಾಕಿದ ಲಸಿಕೆ, ಮುಂದಿನ ದಿನಾಂಕಗಳನ್ನು ಕನ್ನಡದಲ್ಲಿ ಬರೆದ ಚೀಟಿಯೊಂದನ್ನು ಕೊಡಲಿ. ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸುವರೇ?

ನಮ್ಮ ಪಾಲಿನ ಕರ್ತವ್ಯವೂ ಎರಡಿದೆ. ಸಂವಿಧಾನದ 350ನೆಯ ವಿಧಿಯಂತೆ, ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಬೇಡಿಕೆಯ ಅರ್ಜಿಗಳು ಕನ್ನಡದಲ್ಲೇ ಹೋಗಲಿ. ಅರ್ಜಿಯೇ ಬಾರದ ಭಾಷೆಗೆ ಪ್ರಕಟಣೆ ಏಕೆಂದು ಕಚೇರಿ ಕೇಳೀತು. ಎರಡನೆಯದು ಜನಗಣತಿ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡ ಗಣತಿಯಲ್ಲಿ ಮಾತೃಭಾಷೆ ಯಾವುದೆಂದು ಕೇಳಿದಾಗ, ಅಂಜಿಕೆಯಿಂದಲೋ ಉದಾಸೀನದಿಂದಲೋ ಬೇರೆ ಭಾಷೆಯ ಹೆಸರನ್ನು ಬರೆಸಬಾರದು. ಶೇಕಡಾ 15ರ ಲೆಕ್ಕ ಹುಟ್ಟುವುದು ಅಲ್ಲಿಂದಲೇ. ಆದವಾನಿಯಲ್ಲಾಗಲಿ, ಮಂಜೇಶ್ವರದಲ್ಲಾಗಲಿ, ಕನ್ನಡದ ಮನೆಯವರು ಆ ಒಂದು ಮಾತನ್ನು ಸರಿಯಾಗಿ ಬರೆಸಿದರೆ, ನಾಳೆ ರೋಗದ ಎಚ್ಚರಿಕೆಯನ್ನು ನಮ್ಮ ಭಾಷೆಯಲ್ಲಿ ಬರೆಸಲು ನಮಗೆ ಬಾಯಿ ಇರುತ್ತದೆ.